ಕಂಡುದನ್ನು ಬರೆಯುವ ವಿದ್ಯೆ

ಭೀಮಾನದಿಯು ಅಫಜಲಪುರದ ಸೀಮೆಯನ್ನು ತನ್ನ ಎಡದಂಡೆಗೂ ಇಂಡಿ ಸಿಂದಗಿಗಳ ಸೀಮೆಯನ್ನು ಬಲದಂಡೆಗೂ ಇರಿಸಿಕೊಂಡು ಹರಿಯುವ ಆ ಕೆಲವು ಹರಿದಾರಿಗಳ ಉದ್ದಕ್ಕೂ 1948ರ ಸೆಪ್ಟೆಂಬರಿನ ವರೆಗೆ ಎರಡು ಸರಕಾರಗಳು ಎದುರುಬದುರಾಗಿ ನಿಂತಿದ್ದುವು. ಬಲದಂಡೆಯ ಹುಡುಗನು ಮುಂಬಯಿ ಪ್ರಾಂತದ ಕನ್ನಡ ಶಾಲೆಯಲ್ಲಿ, ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದ ಫಲವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಿದ್ಧವಾಗಿದ್ದ ಗದ್ಯವನ್ನು ಓದಿ ಮುಲ್ಕಿ ಪರೀಕ್ಷೆಗೆ ಅಣಿಯಾಗುತ್ತಿದ್ದಾಗ, ಎಡದಂಡೆಯ, ಎಂದರೆ ಹೈದರಾಬಾದು ಸಂಸ್ಥಾನದ, ಹುಡುಗನು ಶಾಲೆ ಕಂಡುದೇ ಆದರೆ ಅಲ್ಲಿ ಅಲಿಫ್ ಬೇ ತಿದ್ದುತ್ತಿದ್ದನು. ಅವನ ಪಾಲಿಗೆ ದಫ್ತರದ ಭಾಷೆ ಉರ್ದು, ಕಚೇರಿಯ ಭಾಷೆ ಉರ್ದು, 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದು. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂತಹ ಕೆಲವು ದೀಪಗಳನ್ನು ಬಿಟ್ಟರೆ ಎಡದಂಡೆಯ ಕನ್ನಡವು ಬದುಕಿ ಉಳಿದುದು ಶಾಲೆಯಲ್ಲಿ ಅಲ್ಲ, ಮಠದ ಕಟ್ಟೆಯ ಮೇಲೆ, ಏಕತಾರಿಯ ನಾದದಲ್ಲಿ, ಭಜನೆಯ ಮೇಳದಲ್ಲಿ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹೊಳೆಯಾಚೆಯದಾದರೂ ಅದೇ ಸಂಸ್ಥಾನದ ಜೇವರ್ಗಿಯ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನೂ, ಅವನ ಶಿಷ್ಯವರ್ಗಕ್ಕೆ ಸೇರಿದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರೂ ಈ ನೆಲದ ಜನಕ್ಕೆ ಪದವನ್ನು ಕೊಟ್ಟರು. ಗದ್ಯವನ್ನು ಕೊಡುವ ಅವಕಾಶ ಅವರಿಗೆ ಇರಲಿಲ್ಲ, ಅದರ ಅಗತ್ಯವೂ ಅವರಿಗೆ ತೋರಿರಲಾರದು.

ಇತಿಹಾಸದ ಈ ಸಣ್ಣ ಸಂಗತಿಯನ್ನು ಮೊದಲಿಗೇ ಎತ್ತಿಕೊಂಡುದಕ್ಕೆ ಕಾರಣವುಂಟು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ತರುಣರು ಇಂದು ಬರೆಯುತ್ತಿರುವ ಗದ್ಯವನ್ನು, ಎಂದರೆ ಕಟ್ಟುಕತೆಯಲ್ಲದ, ನಡೆದುದನ್ನೂ ಕಂಡುದನ್ನೂ ಕೇಳಿದುದನ್ನೂ ಕತೆಗಾರನ ಕುಶಲತೆಯಿಂದ ಆದರೆ ಕತೆಗಾರನ ಸ್ವಾತಂತ್ರ್ಯವಿಲ್ಲದೆ ನಿರೂಪಿಸಬೇಕೆಂದು ಹೊರಟಿರುವ ಗದ್ಯವನ್ನು, ಒಂದಿಷ್ಟು ಕಾಲದಿಂದ ಗಮನಿಸುತ್ತ ಬಂದ ನನಗೆ ಅದರ ಗುಣದೋಷಗಳೆರಡರ ಬೇರೂ ಈ ದಂಡೆಗಳ ಭೇದದಲ್ಲಿಯೇ ಇದೆಯೆಂದು ತೋರಿದೆ. ಆತ್ಮಕಥನ, ವ್ಯಕ್ತಿಚಿತ್ರ, ಪ್ರವಾಸಕಥನ, ಊರಿನ ಚರಿತ್ರೆ ಎಂದು ನಾವು ಬೇರೆ ಬೇರೆ ಹೆಸರುಗಳಿಂದ ಕರೆಯುವ ಈ ಬರೆಹಗಳಲ್ಲೆಲ್ಲ ಅನುಭವಕ್ಕೆ ಕೊರತೆಯಿಲ್ಲ. ಬರ, ಗುಳೆ, ತೊಗರಿಯ ಬೆಲೆ, ಮಠ, ದರ್ಗಾ, ಕೇರಿ ಇವುಗಳ ನಡುವೆ ಬೆಳೆದವರಿಗೆ ಸಾಮಗ್ರಿ ಬೇರೆಲ್ಲಿಂದಲೋ ಬರಬೇಕಾಗಿಲ್ಲ. ಕೊರತೆಯಿರುವುದು ಸಾಕ್ಷಿಯಲ್ಲಿ. ಯಾರು ಕಂಡರು, ಎಲ್ಲಿ ನಿಂತು ಕಂಡರು, ಯಾರ ಬಾಯಿಂದ ಕೇಳಿದರು ಎಂಬುದು ಬರೆಹದ ಒಳಗೆ ಇರುವುದಿಲ್ಲ. ಆದುದರಿಂದ ಓದುಗನಿಗೆ ಎಲ್ಲವೂ ನಿಜವೆಂದು ಗೊತ್ತಿದ್ದೂ ಯಾವುದೂ ನಿಜವೆನಿಸುವುದಿಲ್ಲ.

ಈ ಕೊರತೆಯನ್ನು ಹುಟ್ಟಿಸುವ ಮೊದಲ ಕಾರ್ಖಾನೆಯು ಶಾಲೆಯ ಪ್ರಬಂಧವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಕಣಗಳ ಮನೆಯೊಂದನ್ನು ಹತ್ತನೆಯ ತರಗತಿಯ ಹೊತ್ತಿಗೆ ನಮ್ಮ ಮಕ್ಕಳು ಎಷ್ಟು ಗಟ್ಟಿಯಾಗಿ ಕಟ್ಟಲು ಕಲಿತಿರುತ್ತಾರೆಂದರೆ, ಮುಂದೆ ತಮ್ಮ ತಾಯಿಯ ಸಾವನ್ನು ಬರೆಯುವಾಗಲೂ ಅದೇ ಮನೆಯಲ್ಲಿ ಅವಳನ್ನು ಮಲಗಿಸುತ್ತಾರೆ. ಪೀಠಿಕೆಯಲ್ಲಿ ಸರ್ವಸಾಮಾನ್ಯವಾದ ಒಂದು ಮಾತು, ನಿರೂಪಣೆಯಲ್ಲಿ ಅನುಕೂಲ ಪ್ರತಿಕೂಲಗಳು, ಉಪಸಂಹಾರದಲ್ಲಿ ಒಂದು ಸಂಕಲ್ಪ. ಪರೀಕ್ಷಕನಿಗೆ ಇದು ಸುಕರವಾದುದು, ಅಂಕಗಳನ್ನು ಹಂಚಲು ಬರುತ್ತದೆ. ಆದರೆ ಈ ರಚನೆಯಲ್ಲಿ ನಿರ್ದಿಷ್ಟವಾದ ಒಂದು ದಿನಕ್ಕೆ, ನಿರ್ದಿಷ್ಟವಾದ ಒಬ್ಬ ಮನುಷ್ಯನಿಗೆ, ಅವನ ಬಾಯಿಂದ ಬಂದ ಒಂದು ಅನಿರೀಕ್ಷಿತ ಮಾತಿಗೆ ಜಾಗವೇ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಭೀಮೆಯ ಎಡದಂಡೆಯ ಊರಿನಿಂದ ಬಂದ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಆಯಿಯನ್ನು ಕುರಿತು ಬರೆದ ಬರೆಹವೊಂದನ್ನು ನನ್ನ ಮುಂದಿಟ್ಟನು. ಅಜ್ಜಿಯು ತ್ಯಾಗಮಯಿ, ಸಹನಾಮೂರ್ತಿ. ಸಂಸ್ಥಾನದ ಪರವಾಗಿ ಶಸ್ತ್ರ ಹಿಡಿದ ರಜಾಕಾರರ ಹಾವಳಿಯ ಆ ಕರಾಳ ದಿನಗಳಲ್ಲಿ ಭಯಭೀತಳಾದ ಆ ಮುಗ್ಧ ಬಾಲಿಕೆಯು ಕುಟುಂಬದೊಡನೆ ಊರನ್ನು ತೊರೆದು ಬಿಜಾಪುರದ ಸೀಮೆಗೆ ಹೋಗಿ ನಾನಾ ಕಷ್ಟಗಳನ್ನು ಅನುಭವಿಸಿದಳು, ಇತ್ಯಾದಿ. ವಾಕ್ಯಗಳೆಲ್ಲ ಶುದ್ಧವಾಗಿದ್ದುವು, ಅಜ್ಜಿಯೊಬ್ಬಳೇ ಇರಲಿಲ್ಲ. ಹೊರಡುವ ಮುನ್ನ ಮನೆಯ ಜೋಳವನ್ನು ಏನು ಮಾಡಿದರೆಂದು ಕೇಳಿ ಬಾ ಎಂದು ಅವನನ್ನು ಕಳುಹಿಸಿದೆ. ಮರುವಾರ ಅವನು ತಂದ ಕಾಗದದಲ್ಲಿ ಒಂದು ಹಗೇವು ಇದ್ದಿತು. ಹಿತ್ತಲಿನ ಕರಿನೆಲದಲ್ಲಿ ತೋಡಿದ ಆ ಕಾಳಿನ ಹಗೇವಿನ ಬಾಯಿಯನ್ನು ಮುಚ್ಚಿ, ಮೇಲೆ ಮಣ್ಣೆಳೆದು, ಅದರ ಮೇಲೆ ಕುಳ್ಳು ತಟ್ಟಿ ಒಣಹಾಕಿ, ಅಲ್ಲಿ ಏನೂ ಇಲ್ಲವೆಂಬಂತೆ ಮಾಡಿ, ಬೇಸಿಗೆಯ ಮೊಳಕಾಲುದ್ದದ ಭೀಮೆಯನ್ನು ರಾತ್ರಿ ದಾಟಿದರು. ತಿರುಗಿ ಬಂದು ಹಗೇವನ್ನು ತೆರೆದ ದಿನ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ಹೊತ್ತು ಕಾದು, ಕಂದೀಲನ್ನು ಹಗ್ಗದಿಂದ ಇಳಿಬಿಟ್ಟು, ಅದು ಆರದೆ ಉರಿದ ಬಳಿಕವೇ ಅವಳ ಕಾಕಾ ಒಳಗಿಳಿದನು. ಅಂಜಿಕೆಯಾಗಿರಲಿಲ್ಲವೇ ಎಂದು ಮೊಮ್ಮಗನು ಕೇಳಿದುದಕ್ಕೆ ಆ ಮುದುಕಿ ಹೇಳಿದುದು ಇಷ್ಟು: “ಅಂಜಿಕಿ ಎಲ್ಲಿದೋ ಯಪ್ಪಾ, ಹೊಟ್ಟಿ ಹಸದಿತ್ತು.”

ಈ ಒಂದು ಮಾತಿನ ಮುಂದೆ “ಭಯಭೀತಳಾದ ಮುಗ್ಧ ಬಾಲಿಕೆ” ಎಂಬ ಅಲಂಕಾರವು ನಿಲ್ಲಲಾರದೆಂಬುದನ್ನು ಆ ಹುಡುಗನಿಗೆ ನಾನು ವಿವರಿಸಬೇಕಾಗಲಿಲ್ಲ. ಅವನು ಮೊದಲ ಪ್ರತಿಯಲ್ಲಿ ಸುಳ್ಳು ಹೇಳಿರಲಿಲ್ಲ, ಕೇಳಿರಲಿಲ್ಲ, ಅಷ್ಟೆ. ಎರಡನೆಯ ಪ್ರತಿಯಲ್ಲಿ ಅವನು ಕಲಿತುದು ಶೈಲಿಯನ್ನಲ್ಲ, ಪ್ರಶ್ನೆಯನ್ನು. ನಡೆದುದನ್ನು ಬರೆಯುವ ವಿದ್ಯೆಯ ಮುಕ್ಕಾಲು ಪಾಲು ಕಾಗದದ ಮೇಲಲ್ಲದೆ ಕಾಗದದ ಹೊರಗೆ, ಇನ್ನೊಬ್ಬರ ಜಗಲಿಯ ಮೇಲೆ ಕುಳಿತು, ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳುವುದರಲ್ಲಿಯೇ ಮುಗಿಯುತ್ತದೆಂಬುದು ನಮ್ಮ ಕಮ್ಮಟಗಳಲ್ಲಿ ಹೇಳಲ್ಪಡುವುದು ಬಹಳ ಅಪರೂಪ. ಅಲ್ಲಿ ಪ್ರತಿಭೆ, ಸ್ಫೂರ್ತಿ, ಬದ್ಧತೆ ಮುಂತಾದ ವಿಷಯಗಳ ಮೇಲೆ ಉಪನ್ಯಾಸಗಳು ನಡೆಯುತ್ತವೆ. ಮಧ್ಯಾಹ್ನದ ಊಟವಾದ ಮೇಲೆ ಕವಿಗೋಷ್ಠಿ.

ಈ ವಿದ್ಯೆಯು ಪರದೇಶದ್ದು, ನಮ್ಮ ಪರಂಪರೆಯಲ್ಲಿ ಇದಕ್ಕೆ ಮಾದರಿಯಿಲ್ಲವೆಂದು ಹೇಳುವವರುಂಟು. ಅವರಿಗೆ ನಾನು ಗಾಣಗಾಪುರದ ಕಡೆಗೆ ಕೈ ತೋರಿಸುತ್ತೇನೆ. ಆಳಂದದ ಸೀಮೆಯಿಂದ ಇಳಿದು ಬರುವ ಅಮರ್ಜೆಯು ಭೀಮೆಯನ್ನು ಕೂಡುವ ಆ ಸಂಗಮದ ಊರಿನಲ್ಲಿ ಶ್ರೀ ನರಸಿಂಹಸರಸ್ವತಿಗಳು ಕಳೆದ ವರ್ಷಗಳನ್ನು ವರ್ಣಿಸುವ ಗುರುಚರಿತ್ರೆಯನ್ನು ನಾವು ಸಪ್ತಾಹ ಪಾರಾಯಣದ ಗ್ರಂಥವೆಂದು ಮಾತ್ರ ಬಲ್ಲೆವು. ಅದು ಮರಾಠಿಯ ಓವಿಗಳಲ್ಲಿರುವುದು ನಿಜ. ಆದರೆ ಅದನ್ನು ಬರೆದ ಸರಸ್ವತೀ ಗಂಗಾಧರನು ಮರಾಠಿ ತನಗೆ ಬಾರದ ಭಾಷೆಯೆಂದು ಗ್ರಂಥದಲ್ಲಿಯೇ ಹೇಳಿಕೊಂಡ ಕನ್ನಡಮೂಲದವನು, ನಡುವೆ ಕನ್ನಡದ ಪದಗಳನ್ನೂ ಸೇರಿಸಿದವನು. ಸಿದ್ಧಮುನಿಯು ಹೇಳುವುದು, ನಾಮಧಾರಕನು ಕೇಳುವುದು, ನಡುನಡುವೆ ತಡೆದು ಮತ್ತೆ ಪ್ರಶ್ನಿಸುವುದು ಎಂಬ ಚೌಕಟ್ಟಿನಲ್ಲಿ ಇಡೀ ಕಥನ ನಡೆಯುವುದರಿಂದ, ಯಾರು ಹೇಳಿದರು, ಯಾರು ಕೇಳಿದರು ಎಂಬುದು ಯಾವ ಅಧ್ಯಾಯದಲ್ಲಿಯೂ ಮರೆಯಾಗುವುದಿಲ್ಲ.

ಅದರ ಕೊನೆಗೆ ಸಮೀಪದಲ್ಲಿ ಬರುವ ರೈತನ ಕಥೆಯನ್ನೇ ನೋಡಬಹುದು. ಪ್ರತಿದಿನವೂ ಹೊಲದ ಅಂಚಿನಲ್ಲಿ ಗುರುಗಳಿಗೆ ನಮಸ್ಕರಿಸುವ ಒಬ್ಬ ಒಕ್ಕಲಿಗನಿಗೆ, ನಾನು ತಿರುಗಿ ಬರುವುದರೊಳಗೆ ಈ ಪೈರನ್ನು ಕೊಯ್ದುಬಿಡು ಎಂದು ಗುರುಗಳು ಅಪ್ಪಣೆಮಾಡುತ್ತಾರೆ. ಜೋಳ ಇನ್ನೂ ಬಲಿತಿಲ್ಲ. ಕೊಯ್ಯುವ ಮುನ್ನ ಆ ಒಕ್ಕಲಿಗನು ಮಾಡುವ ಕೆಲಸವಾವುದು? ಊರಿನ ಅಧಿಕಾರಿಯ ಬಳಿಗೆ ಹೋಗಿ, ಹಿಂದಿನ ವರ್ಷ ಕೊಟ್ಟ ಧಾನ್ಯದ ಇಮ್ಮಡಿಯನ್ನು ಕೊಡುತ್ತೇನೆಂದು ಒಡಂಬಡಿಕೆ ಮಾಡಿಕೊಂಡು ಬರುತ್ತಾನೆ. ಹೆಂಡತಿ ಮಕ್ಕಳು ಅಡ್ಡಬೀಳುತ್ತಾರೆ, ಅಳುತ್ತಾರೆ, ದೂರು ಒಯ್ಯುತ್ತಾರೆ. ಬಳಿಕ ಅಕಾಲದ ಮಳೆ ಬಂದು ಸುತ್ತಲಿನ ಪೈರೆಲ್ಲ ಹಾಳಾಗಿ, ಇವನ ಕೂಳೆಯಿಂದ ಮಾತ್ರ ಹಲವು ತೆನೆಗಳು ಹೊರಡುವುದು ಪವಾಡದ ಭಾಗ. ಅದನ್ನು ನಂಬುವುದೂ ಬಿಡುವುದೂ ಅವರವರ ಭಾವಕ್ಕೆ ಸೇರಿದುದು. ಆದರೆ ಆ ಇಮ್ಮಡಿ ಧಾನ್ಯದ ಕರಾರನ್ನು ಪವಾಡವು ಬೇಡಿರಲಿಲ್ಲ. ಭೂಮಿ ತನ್ನದಾದರೂ ಫಸಲಿನ ಮೇಲೆ ಸರಕಾರದ ಹಕ್ಕಿದೆಯೆಂಬುದನ್ನೂ, ಭಕ್ತಿಯ ಬೆಲೆಯನ್ನು ಮೊದಲು ಮನೆಯ ಹೆಂಗಸು ತೆರಬೇಕಾಗುತ್ತದೆಂಬುದನ್ನೂ ಬಲ್ಲವನೊಬ್ಬನ ಕಣ್ಣು ಅಲ್ಲಿ ಕೆಲಸಮಾಡಿದೆ. ಐದು ಶತಮಾನಗಳ ಹಿಂದಿನ ಭೀಮಾತೀರದ ಜೋಳದ ಹೊಲವೊಂದು ನಮಗೆ ಇಂದಿಗೂ ಕಾಣುತ್ತಿದ್ದರೆ ಅದು ಆ ಕಣ್ಣಿನ ದೆಸೆಯಿಂದ.

ಇದಕ್ಕೆ ಹೋಲಿಸಿದರೆ ಈಚೆಗೆ ನಮ್ಮಲ್ಲಿ ಹೊರಬರುತ್ತಿರುವ ಸ್ಮರಣಸಂಚಿಕೆಗಳೂ ಅಭಿನಂದನ ಗ್ರಂಥಗಳೂ ಮಠಮಾನ್ಯಗಳ ಚರಿತ್ರೆಗಳೂ ಎಷ್ಟು ಬಡವಾಗಿವೆಯೆಂಬುದನ್ನು ಹೇಳದೆ ಇರಲಾರೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹವನ್ನು ನಡೆಸಿದ ಶರಣಬಸವೇಶ್ವರರನ್ನು ಕುರಿತು ಭಕ್ತಿಯಿಂದ ಬರೆದ ಪುಟಗಳಿಗೆ ಕೊರತೆಯಿಲ್ಲ. ಆದರೆ ಅಷ್ಟು ಜನಕ್ಕೆ ಬೇಕಾದ ಜೋಳ ಯಾವ ಯಾವ ಊರುಗಳಿಂದ ಬರುತ್ತಿತ್ತು, ಅದನ್ನು ಬೀಸುತ್ತಿದ್ದವರು ಯಾರು, ಬರದ ವರ್ಷದಲ್ಲಿ ಪಂಕ್ತಿಯನ್ನು ಹೇಗೆ ನಡೆಸಿದರು, ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತುಕೊಳ್ಳುತ್ತಿದ್ದರು ಎಂಬ ಪ್ರಶ್ನೆಗಳನ್ನು ಎತ್ತಿಕೊಂಡ ಲೇಖಕನು ನನ್ನ ಕಣ್ಣಿಗೆ ಬಿದ್ದಿಲ್ಲ. ದಾಸೋಹವೆಂಬ ಮಹತ್ತಾದ ಕಾರ್ಯವು ಬೀಸುಕಲ್ಲಿನ ಮೇಲೆ ನಡೆದುದೇ ಹೊರತು ವಿಶೇಷಣಗಳ ಮೇಲೆ ಅಲ್ಲ. ಅಭಿನಂದನ ಗ್ರಂಥಗಳ ವಿಷಯವನ್ನು ಹೆಚ್ಚು ಹೇಳುವ ಅಗತ್ಯವಿಲ್ಲ: ಅಲ್ಲಿ ಎಲ್ಲ ಸಹಕಾರ ಸಂಘದ ಅಧ್ಯಕ್ಷರೂ ಬಾಲ್ಯದಿಂದಲೇ ದೂರದೃಷ್ಟಿಯುಳ್ಳವರಾಗಿರುತ್ತಾರೆ.

ಇನ್ನು ಕನ್ನಡದ ಲಲಿತ ಪ್ರಬಂಧದ ದಾರಿ. ಗೊರೂರರ ‘ಹಳ್ಳಿಯ ಚಿತ್ರಗಳು’ 1930ರಲ್ಲಿ, ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಬಂದ ಮೇಲೆ ಹಳೆಯ ಮೈಸೂರಿನ ಸೀಮೆಯಲ್ಲಿ ಬೆಳೆದ ಈ ಪ್ರಕಾರವನ್ನು ನಮ್ಮ ಕಡೆಗೆ ತಂದು ನೆಲೆಗೊಳಿಸಿದವರಲ್ಲಿ ವೀರೇಂದ್ರ ಸಿಂಪಿಯವರು ಮುಖ್ಯರು. ಭೀಮೆಯ ಬಲದಂಡೆಯ ಚಡಚಣದಲ್ಲಿ, ಸಿಂಪಿ ಲಿಂಗಣ್ಣನವರ ಮನೆಯಲ್ಲಿ ಹುಟ್ಟಿ, ಬೀದರಿನಲ್ಲಿ ಅಧ್ಯಾಪಕರಾಗಿದ್ದು, ‘ಕಾಗದದ ಚೂರು’, ‘ಭಾವ ಮೈದುನ’ ಮೊದಲಾದ ಸಂಗ್ರಹಗಳನ್ನು ಕೊಟ್ಟ ಅವರಿಂದ ನಮ್ಮ ತರುಣರು ಕಲಿಯಬೇಕಾದುದು, ನಗೆಗಿಂತಲೂ ಮಿಗಿಲಾಗಿ, ಅಲ್ಪವಾದುದರ ಮೇಲೆ ಮನಸ್ಸನ್ನು ಬಹುಹೊತ್ತು ನಿಲ್ಲಿಸುವ ಶಕ್ತಿಯನ್ನು. ಆದರೆ ಲಲಿತ ಪ್ರಬಂಧವೆಂಬ ಪ್ರಕಾರಕ್ಕೇ ಒಂದು ಮಿತಿಯುಂಟು: ಅದು ಬರೆಯುವವನ ಸ್ವಭಾವದ ಮಾಧುರ್ಯವನ್ನು ನೆಚ್ಚಿಕೊಂಡಿರುವುದರಿಂದ, ಕಹಿಯಾದ ವಸ್ತುವೊಂದು ಎದುರಾದಾಗ ಮೆಲ್ಲನೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಹಸಿವನ್ನೂ ಅವಮಾನವನ್ನೂ ವಸ್ತುವಾಗಿ ಉಳ್ಳವನು ಆ ದಾರಿಯಲ್ಲಿ ಬಹುದೂರ ಹೋಗಲಾರನು.

ಅದೇ ಬಲದಂಡೆಯ ಹಲಸಂಗಿಯಲ್ಲಿ ಇನ್ನೊಂದು ಮಾದರಿಯಿದೆ. ಮಧುರಚೆನ್ನರನ್ನು (1903–1953) ನಾವು ‘ನನ್ನ ನಲ್ಲ’ದ ಕವಿಯೆಂದೂ, 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದ ಗೆಳೆಯರ ಗುಂಪಿನ ಮುಖ್ಯರೆಂದೂ ನೆನೆಯುತ್ತೇವೆ. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಹೆಸರುಗಳಿಂದ ಅವರು ತಮ್ಮ ಅಂತರಂಗದ ಶೋಧನೆಯನ್ನು ಬರೆದ ಗದ್ಯವನ್ನು ಓದಿದವರು ವಿರಳ. ಕಾಲೇಜಿನ ಮೆಟ್ಟಿಲನ್ನು ಹತ್ತದ ಹಳ್ಳಿಯ ತರುಣನೊಬ್ಬನು ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು, ಸಂದೇಹವನ್ನು ಮುಚ್ಚಿಡದೆ, ಕತ್ತಲೆಯನ್ನು ಕತ್ತಲೆಯೆಂದೇ ಹೆಸರಿಟ್ಟು ಕರೆದು ಬರೆದ ಆ ಪುಟಗಳಲ್ಲಿ ಸಾಕ್ಷಿ ಮತ್ತು ಆರೋಪಿ ಇಬ್ಬರೂ ಒಬ್ಬನೇ. ನಮ್ಮ ಕಡೆಯ ಆತ್ಮಕಥನಗಳಲ್ಲಿ ಇಷ್ಟು ನಿರ್ದಾಕ್ಷಿಣ್ಯವಾದ ಗದ್ಯ ಇನ್ನೊಂದನ್ನು ನಾನು ಕಂಡಿಲ್ಲ. ದೋಷವೆಂದರೆ ಅವರ ಕಣ್ಣು ಒಳಕ್ಕೆ ತಿರುಗಿದಷ್ಟು ಹೊರಕ್ಕೆ ತಿರುಗುವುದಿಲ್ಲ. ಆತ್ಮದ ಋತುಗಳು ಸ್ಪಷ್ಟವಾಗಿವೆ. ಹಲಸಂಗಿಯ ಹೊಲದ ಋತುಗಳು ಅಷ್ಟಿಲ್ಲ. ಜನಪದದ ಹಾಡಿನಲ್ಲಿ ಗರತಿಯ ಬೀಸುಕಲ್ಲನ್ನು ಅಷ್ಟು ಅಕ್ಕರೆಯಿಂದ ಕೇಳಿದ ಕಿವಿಯು ತನ್ನ ಕಥೆಯನ್ನು ಹೇಳುವಾಗ ನೆರೆಮನೆಯ ಸದ್ದನ್ನು ಏಕೆ ಹೊರಗಿಟ್ಟಿತೆಂಬುದು ವಿಚಾರಾರ್ಹ. ಸಾಧಕನಿಗೆ ಅದು ಬೇಕಾಗಿರಲಿಲ್ಲವೆಂಬ ಉತ್ತರವಿರಬಹುದು. ಆದರೆ ಗದ್ಯ ಕಲಿಯಲೆಂದು ಅವರ ಬಳಿಗೆ ಹೋಗುವವನಿಗೆ ಅದು ಬೇಕು.

ಎರಡು ಕಣ್ಣನ್ನೂ ತೆರೆದು ಬರೆದವರು ಬಂದುದು ಕೇರಿಯಿಂದ. ಮುದ್ದೇಬಿಹಾಳದ ಕಡೆಯ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಪ್ರಕಟವಾದಾಗ, ಹೆಣದ ಮೆರವಣಿಗೆಯಲ್ಲಿ ತೂರಿದ ಕಾಸುಗಳನ್ನು ಆರಿಸಿಕೊಳ್ಳುವ ಮಕ್ಕಳಲ್ಲಿ ತಾನೂ ಒಬ್ಬನಾಗಿದ್ದೆನೆಂದು ಲೇಖಕನೇ ಬಂದು ಹೇಳಿದ ಆ ಧ್ವನಿಯಲ್ಲಿ ಕರುಣೆಯನ್ನು ಬೇಡುವ ಲಕ್ಷಣ ಲವಲೇಶವೂ ಇರಲಿಲ್ಲ. ಅಂಥ ದೃಶ್ಯವನ್ನು ಕಾದಂಬರಿಯಲ್ಲಿ ಓದಿದ್ದರೆ ನಾವು ಕಾದಂಬರಿಕಾರನ ಕಲ್ಪನಾಶಕ್ತಿಯನ್ನು ಹೊಗಳಿ ನೆಮ್ಮದಿಯಾಗಿ ಮಲಗುತ್ತಿದ್ದೆವು. ಹೆಸರು, ಊರು, ವಯಸ್ಸು ಸಹಿತ ಒಬ್ಬನು ಎದುರಿಗೆ ನಿಂತಾಗ ಆ ನೆಮ್ಮದಿಗೆ ಆಸ್ಪದವಿಲ್ಲ. ನಿಜದ ಗದ್ಯಕ್ಕೆ ಇರುವ ವಿಶೇಷವಾದ ಬಲ ಇದೇ, ಇದಕ್ಕಿಂತ ಬೇರೆಯಲ್ಲ. ಇದನ್ನು ಬಳಸದಿರುವುದಾದರೆ ಕತೆಯನ್ನೇ ಬರೆಯುವುದು ಲೇಸು.

ಎಡದಂಡೆಯಲ್ಲಿ ಬಹುಮಟ್ಟಿಗೆ ಆದುದೂ ಹಾಗೆಯೇ. ಇಲ್ಲಿಯ ಬದುಕಿನ ಉರಿಯೆಲ್ಲ ಕಥೆ ಕಾದಂಬರಿಗಳಿಗೆ ಹರಿಯಿತು. ಕಲಬುರಗಿ ತಾಲ್ಲೂಕಿನ ಸಾವಳಗಿಯಿಂದ ಬಂದ ಗೀತಾ ನಾಗಭೂಷಣರ ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಅದರ ಮಾತಿನಲ್ಲಿ ಈ ಸೀಮೆಯ ಆಡುನುಡಿಯ ಬಿಸಿ ತಣಿಯದೆ ಉಳಿದಿದೆ. ಕಾದಂಬರಿಯ ಮರೆಯು ಬರೆಯುವವರಿಗೆ ರಕ್ಷೆಯೂ ಆಗಿತ್ತೆಂಬುದನ್ನು ನಾನು ಬಲ್ಲೆ. ಗೌಡನ ಹೆಸರನ್ನು ಬದಲಿಸಿ ಬರೆದ ಹೆಣ್ಣುಮಗಳು ಮರುದಿನವೂ ಅದೇ ಊರಿನ ಬಾವಿಗೆ ಹೋಗಬೇಕಲ್ಲವೆ? ಆದುದರಿಂದ ಈ ಪ್ರದೇಶದಲ್ಲಿ ಸ್ವಂತ ಹೆಸರಿನ ಗದ್ಯ ತಡವಾದುದಕ್ಕೆ ಶಾಲೆಯಷ್ಟೇ ಅಲ್ಲ, ಅಂಜಿಕೆಯೂ ಕಾರಣ. ಆದರೆ ಅಂಜಿಕೆಗಾಗಿ ತೊಟ್ಟ ಆ ಮರೆಯನ್ನು ಈಗಿನವರಲ್ಲಿ ಕೆಲವರು ಸೌಕರ್ಯಕ್ಕಾಗಿ ತೊಡುತ್ತಿರುವುದನ್ನು ಕಂಡಾಗ ಬೇಸರವಾಗುತ್ತದೆ. ಅರ್ಧ ನಡೆದುದು, ಅರ್ಧ ಕಟ್ಟಿದುದು. ಯಾವುದು ಯಾವುದೆಂದು ಕೇಳಿದರೆ, ಅನುಭವದ ಸತ್ಯ ದೊಡ್ಡದೆಂಬ ಉತ್ತರ.

ಈ ಉತ್ತರಕ್ಕೆ ದೊಡ್ಡವರ ಬೆಂಬಲವೂ ಉಂಟು. ಅಮೆರಿಕದ ಟ್ರೂಮನ್ ಕಪೋಟೆಯು ಕಾನ್ಸಸ್ ಪ್ರಾಂತದಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆಯನ್ನು ವಸ್ತುವಾಗಿಟ್ಟು 1966ರಲ್ಲಿ ಹೊರತಂದ ‘ಇನ್ ಕೋಲ್ಡ್ ಬ್ಲಡ್’ ಈ ಬಗೆಯ ಗದ್ಯಕ್ಕೆ ಲೋಕಖ್ಯಾತಿಯನ್ನು ತಂದ ಗ್ರಂಥ. ಅದರಲ್ಲಿರುವುದೆಲ್ಲ ಅಕ್ಷರಶಃ ನಿಜವೆಂಬುದು ಅವನ ಘೋಷಣೆ. ಆದರೆ ಗ್ರಂಥವು ಮುಗಿಯುವ ಸ್ಮಶಾನದ ದೃಶ್ಯವು ನಡೆದುದೇ ಅಲ್ಲವೆಂದು, ಅದರಲ್ಲಿ ಪಾತ್ರವಾಗಿ ಬರುವ ಪೋಲೀಸು ಅಧಿಕಾರಿಯೇ ಮುಂದೆ ಹೇಳಿದನು. ಅಷ್ಟು ವರ್ಷ ಶ್ರಮಿಸಿ ಕಲೆಹಾಕಿದ ಸಾಕ್ಷ್ಯದ ಮೇಲೆ, ಮುಕ್ತಾಯವು ಮೃದುವಾಗಿರಲೆಂಬ ಒಂದೇ ಆಸೆಗಾಗಿ ಅವನು ಸಂದೇಹದ ನೆರಳನ್ನು ಚೆಲ್ಲಿಕೊಂಡನು. ನನ್ನ ತೀರ್ಪು ಇಲ್ಲಿ ಕಠೋರವಾದುದೇ: ಕಟ್ಟಿದ ಆ ಒಂದು ದೃಶ್ಯದಿಂದ ಕಟ್ಟದ ನೂರು ದೃಶ್ಯಗಳ ಮೇಲೂ ಓದುಗನ ನಂಬಿಕೆ ಕುಗ್ಗುತ್ತದೆ.

ಕನ್ನಡದಲ್ಲಿ ಬರೆಯುವವನಿಗೆ ಇಂಥ ಸಂಕಟ ಅಷ್ಟಾಗಿ ಇರಬೇಕಾಗಿಲ್ಲ, ಏಕೆಂದರೆ ಕಂಡುದಕ್ಕೂ ಕೇಳಿದುದಕ್ಕೂ ಊಹಿಸಿದುದಕ್ಕೂ ಬೇರೆ ಬೇರೆ ಕ್ರಿಯಾರೂಪಗಳನ್ನು ನಮ್ಮ ಭಾಷೆ ಕೈಯಲ್ಲಿಯೇ ಇರಿಸಿದೆ. ಹೊಳೆ ದಾಟಿದರು, ದಾಟಿದರಂತೆ, ದಾಟಿರಬೇಕು. ಕಟ್ಟೆಯ ಮೇಲೆ ಕುಳಿತ ಮುತ್ಯಾ ಈ ಮೂರನ್ನೂ ಒಂದೇ ಉಸಿರಿನಲ್ಲಿ, ಒಮ್ಮೆಯೂ ತಪ್ಪದೆ, ಬಳಸುತ್ತಾನೆ. ಅವನ ಮೊಮ್ಮಗನು ಲೇಖನಿ ಹಿಡಿದೊಡನೆ ಎಲ್ಲವನ್ನೂ “ದಾಟಿದರು” ಎಂದು ಬರೆದು, ಗ್ರಾಂಥಿಕವಾಯಿತೆಂದು ಸಂತೋಷಪಡುತ್ತಾನೆ. ಕೇಳಿದುದನ್ನು ಕೇಳಿದುದೆಂದೇ ಬರೆದರೆ ಗದ್ಯ ದುರ್ಬಲವಾಗುತ್ತದೆಂಬ ಒಂದು ತಪ್ಪು ಕಲ್ಪನೆಯು ಎಲ್ಲಿಂದಲೋ ಬಂದು ಸೇರಿಕೊಂಡಿದೆ.

ಆಳಂದದಲ್ಲಿ ಈ ಎಚ್ಚರಿಕೆಯು ಬರಿಯ ವ್ಯಾಕರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಲ್ಲಿಯ ಲಾಡ್ಲೆ ಮಶಾಯಕರ ದರ್ಗಾದ ಆವರಣದಲ್ಲಿಯೇ, ತುಕಾರಾಮನ ಗುರುಪರಂಪರೆಯಲ್ಲಿ ಹೆಸರು ಬರುವ ರಾಘವಚೈತನ್ಯರ ಸಮಾಧಿಯೂ ಇದೆಯೆಂಬುದರಿಂದ ಆ ಸ್ಥಳಕ್ಕೆ ಎರಡು ನೆನಪುಗಳು, ಎರಡು ಪೂಜಾಕ್ರಮಗಳು. ಈಚಿನ ವರ್ಷಗಳಲ್ಲಿ ಅಲ್ಲಿಯ ಪೂಜೆಯನ್ನು ಕುರಿತ ವಿವಾದವು ನ್ಯಾಯಾಲಯದ ವರೆಗೂ ಹೋಗಿದೆ. ಇಂಥ ಸ್ಥಳವನ್ನು ಕುರಿತು ಬರೆಯುವಾಗ ಒಂದು ನೆನಪನ್ನು ಇತಿಹಾಸವೆಂದೂ ಇನ್ನೊಂದನ್ನು ಐತಿಹ್ಯವೆಂದೂ ಮೊದಲ ವಾಕ್ಯದಲ್ಲಿಯೇ ವಿಂಗಡಿಸಿಬಿಡುವ ಲೇಖಕನು ವಕೀಲನಾಗಬಹುದೇ ಹೊರತು ಕಥನಕಾರನಾಗಲಾರನು. ‘ಕರ್ನಾಟಕದ ಸೂಫಿಗಳು’ ಗ್ರಂಥಕ್ಕಾಗಿ ರಹಮತ್ ತರೀಕೆರೆಯವರು ನಾಡಿನ ದರ್ಗಾಗಳನ್ನು ಅಲೆದ ಕ್ರಮದಲ್ಲಿ ಗಮನಿಸಬೇಕಾದ ಒಂದು ಗುಣವಿದೆ: ಗ್ರಂಥಸ್ಥವಾದ ಆಧಾರದ ಪಕ್ಕದಲ್ಲಿಯೇ ಉರುಸಿಗೆ ಬಂದವರ ಮಾತಿಗೂ ಅವರು ಚಾಪೆ ಹಾಸುತ್ತಾರೆ. ಸಕ್ಕರೆ ಹಂಚುವವನು, ಹೂ ಮಾರುವವಳು, ನವಿಲುಗರಿಯಿಂದ ಮಗುವಿನ ತಲೆ ಸವರುವ ಮುಜಾವರ ಇವರು ಸಂಶೋಧನೆಯ ಅಲಂಕಾರಗಳಲ್ಲ, ಅವರೇ ಸ್ಥಳದ ಅರ್ಧ ಚರಿತ್ರೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ನಾಡಿನ ನಾನಾ ಕಡೆಗಳಿಂದ ಬಂದ ಹುಡುಗ ಹುಡುಗಿಯರು ಅಲ್ಲಿ ಸಿದ್ಧಾಂತಗಳನ್ನು ಓದುತ್ತಾರೆ, ಓದಲಿ. ಆವರಣದ ಹೊರಗೆ ಕನ್ನಡ, ಮರಾಠಿ, ದಖನಿಗಳು ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತು ಜಗಳವಾಡುವುದನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಅಭ್ಯಾಸಕ್ಕೂ ಒಂದಿಷ್ಟು ಅಂಕಗಳನ್ನು ಯಾರಾದರೂ ಇಟ್ಟಿದ್ದರೆ ಚೆನ್ನಾಗಿತ್ತು.

ಇಷ್ಟು ಹೇಳಿದ ಮೇಲೆ, ಈ ಸೀಮೆಯ ಗದ್ಯವು ಇನ್ನೂ ಮುಟ್ಟದಿರುವ ವಸ್ತುವೊಂದನ್ನು ಎತ್ತದೆ ಮುಗಿಸುವುದು ಸಾಧುವಲ್ಲ. ರಜಾಕಾರರ ಕಾಲದ ಸಂಕಟವನ್ನು ಕುರಿತು ನಮ್ಮಲ್ಲಿ ಹೇಳಿಕೆಗಳಿವೆ, ಹೋರಾಟಗಾರರ ಸ್ಮೃತಿಗಳಿವೆ, ಪ್ರತಿ ಸೆಪ್ಟೆಂಬರ್ 17ಕ್ಕೆ ಭಾಷಣಗಳಿವೆ. ಸಂಸ್ಥಾನವನ್ನು ಕೊನೆಗಾಣಿಸಿದ 1948ರ ಪೋಲೀಸು ಕಾರ್ಯಾಚರಣೆಯ ಬೆನ್ನಿಗೆ, ಅದೇ ಊರುಗಳಲ್ಲಿ, ನಿರಪರಾಧಿಗಳಾದ ಮುಸಲ್ಮಾನರ ಮೇಲೆ ನಡೆದುದನ್ನು ಕುರಿತು ಗದ್ಯವು ಬಹುಮಟ್ಟಿಗೆ ಮೌನವಾಗಿದೆ. ಪಂಡಿತ ಸುಂದರಲಾಲರ ನೇತೃತ್ವದ ನಿಯೋಗವು 1948ರ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ ಕೊಟ್ಟ ವರದಿಯಲ್ಲಿ ಅತ್ಯಂತ ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದುದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡುಗಳನ್ನು. ಒಟ್ಟು ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು ಅದು 27,000ದಿಂದ 40,000ದ ವರೆಗೆ ಅಂದಾಜು ಮಾಡಿತು. ಆ ವರದಿಯೂ ಬಹುಕಾಲ ಪ್ರಕಟವಾಗದೆ ಉಳಿಯಿತು. ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಗಡಿಗೆ ಹತ್ತಿದಂತೆಯೇ ಆಳಂದವಿದೆ. ಹಗೇವಿನ ಮೇಲೆ ಕುಳ್ಳು ತಟ್ಟಿ ಹೊಳೆ ದಾಟಿದವರನ್ನು ಕೇಳಿದ ಹುಡುಗನು, ಅದೇ ವರ್ಷದ ಉತ್ತರಾರ್ಧದಲ್ಲಿ ಅದೇ ಊರಿನ ಇನ್ನೊಂದು ಓಣಿಯಲ್ಲಿ ಏನಾಯಿತೆಂದು ಕೇಳಿದ ದಿನ, ಅಲ್ಲಿ ಅವನಿಗೆ ಚಹಾ ಕೊಟ್ಟು ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ಕೊಂದವರ ಮೊಮ್ಮಕ್ಕಳೂ ಸತ್ತವರ ಮೊಮ್ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿತು, ಒಂದೇ ಸಂತೆಗೆ ಹೋಗುವವರು; ಮೊಹರಮ್ಮಿನ ಪಂಜಾಕ್ಕೆ ಇಬ್ಬರೂ ಕೈಮುಗಿಯುವವರು.

ಇಂಥಲ್ಲಿ ಹೆಸರುಗಳನ್ನು ಏನು ಮಾಡಬೇಕೆಂಬುದು ಕಲಿಯುವವನಿಗೆ ಎದುರಾಗುವ ನಿಜವಾದ ಕುಶಲತೆಯ ಪ್ರಶ್ನೆ, ನೀತಿಯ ಪ್ರಶ್ನೆಯೂ ಅಹುದು. ಕೃತ್ಯವೆಸಗಿದವರ ಹೆಸರನ್ನು ಬಿಟ್ಟು ಅವರ ಅಂದಿನ ಸ್ಥಾನವನ್ನು, ಎಂದರೆ ಪಟೇಲ, ಪಾಟೀಲ, ಸಾಹುಕಾರ, ಊರ ಯುವಕ ಎಂಬಷ್ಟನ್ನು ಮಾತ್ರ ಹೇಳಿ, ಹೆಸರನ್ನು ತಾನು ಬೇಕೆಂದೇ ಬಿಟ್ಟಿರುವುದಾಗಿ ಓದುಗನಿಗೆ ತಿಳಿಸಿ, ಬದಲಿಗೆ ಕಲ್ಪಿತವಾದ ಹೆಸರನ್ನು ಎಂದಿಗೂ ಇಡದಿರುವುದು ಸರಿಯೆಂದು ನಾನು ಎಣಿಸುತ್ತೇನೆ. ಕಲಬುರಗಿಯ ಕೆಲವು ಅಧ್ಯಾಪಕ ಮಿತ್ರರು ಇದನ್ನು ಒಪ್ಪುವುದಿಲ್ಲ. ಹೆಸರಿಲ್ಲದ ಅಪರಾಧವು ಇಡೀ ಜಾತಿಯ ಮೇಲೆ ಬೀಳುತ್ತದೆಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಈ ವಿಷಯದಲ್ಲಿ ನಮ್ಮ ಚರ್ಚೆ ಇನ್ನೂ ತೀರಿಲ್ಲ. ಸತ್ತವರ ಹೆಸರುಗಳನ್ನು ಮಾತ್ರ, ಅವರ ಮನೆಯವರ ಅನುಮತಿ ದೊರೆತರೆ, ತಂದೆಯ ಹೆಸರು ಸಹಿತ ಪೂರ್ಣವಾಗಿ, ಅವರು ಮಾಡುತ್ತಿದ್ದ ಉದ್ಯೋಗದೊಡನೆ ಬರೆಯತಕ್ಕದ್ದೆಂಬಷ್ಟರಲ್ಲಿ ನಾವೆಲ್ಲರೂ ಒಮ್ಮತಕ್ಕೆ ಬಂದಿದ್ದೇವೆ.